ಏಳು ಕೆರಾಡಿ ಹಿಡಿಯುವ ಮೆದುಳು

ಕೆರಾಡಿ ಎಂದು ಕನ್ನಡದಲ್ಲಿ ಬರೆದಿಡಲು ಕಂಪ್ಯೂಟರಿಗೆ 18 ಬೈಟ್ ಜಾಗ ಬೇಕು. ಅಕ್ಷರಕ್ಕೆ 3, ಅದರ ಗುಣಿತಕ್ಕೆ ಮತ್ತೆ 3, ಹೀಗೆ ಆರು ಮೂರಲೆ ಹದಿನೆಂಟು. ಕುಂದಾಪುರ ತಾಲ್ಲೂಕಿನ ಈ ಹಳ್ಳಿ ರಿಷಬ್ ಶೆಟ್ಟಿ ಅವರ ಹುಟ್ಟೂರು. 2022ರ ‘ಕಾಂತಾರ’ದ ಚಿತ್ರೀಕರಣ ನಡೆದ ಜಾಗ. ಆ ಸಿನಿಮಾವನ್ನು ನೋಡುವ ಫೋನಿನಲ್ಲಿ 8 ಜಿಬಿ ರ್‍ಯಾಮ್ ಇದ್ದರೆ ಅದರೊಳಗೆ ಕೆರಾಡಿ ಎಂದು 47 ಕೋಟಿ ಸಲ ಬರೆಯಬಹುದು. ಇದರಲ್ಲಿ ಬೆರಗೇನೂ ಇಲ್ಲ. ಬೆರಗು ಇರುವುದು ಅಳತೆಗೋಲಿನ ಇನ್ನೊಂದು ತುದಿಯಲ್ಲಿ.

1980ರಲ್ಲಿ ಇಂಟೆಲ್ ಕಂಪನಿ 8051 ಎಂಬ ಮೈಕ್ರೋಕಂಟ್ರೋಲರನ್ನು ಹೊರತಂದಿತು. ಮೈಕ್ರೋಕಂಟ್ರೋಲರ್ ಅಂದರೆ ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ತಂತಿಗಳನ್ನು ಮುಟ್ಟುವ ಭಾಗ ಎಲ್ಲವೂ ಒಂದೇ ಚಿಪ್ಪಿನಲ್ಲಿ ಕೂತ ಕಂಪ್ಯೂಟರು. ಕರ್ನಾಟಕದ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ದಶಕಗಳ ಕಾಲ ಮಕ್ಕಳು ಕೈ ಪಳಗಿಸಿಕೊಂಡದ್ದು ಇದರ ಮೇಲೆಯೇ. ಇದರ ರ್‍ಯಾಮ್ ಎಷ್ಟು ಗೊತ್ತೆ? 128 ಬೈಟ್. ಜಿಬಿ ಅಲ್ಲ, ಎಂಬಿ ಅಲ್ಲ, ಕೆಬಿಯೂ ಅಲ್ಲ, ಬರೀ ಬೈಟ್. ಅಂದರೆ ಏಳು ಕೆರಾಡಿ. ಎಂಟನೆಯದನ್ನು ಬರೆಯಲು ಹೊರಟರೆ ಮೊದಲ ಅಕ್ಷರವೂ ಹಿಡಿಯದೆ 2 ಬೈಟ್ ಖಾಲಿ ಉಳಿಯುತ್ತದೆ. ಇಷ್ಟರಲ್ಲೇ ಅದು ಸೆಕೆಂಡಿಗೆ 10 ಲಕ್ಷ ಹೆಜ್ಜೆ ಲೆಕ್ಕ ಮಾಡಿ, ಗುಂಡಿ ಒತ್ತಿದ್ದನ್ನು ಗಮನಿಸಿ, ಮೋಟಾರು ತಿರುಗಿಸಿ, ದೀಪ ಹೊತ್ತಿಸಿ ಆರಿಸಬೇಕು.

ಇದೇ ಸಣ್ಣದು ಅನ್ನುವವರು ಎಟಿಟೈನಿ10 ನೋಡಬೇಕು. ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಈ ಚಿಪ್ಪಿಗೆ ಆರೇ ಕಾಲು, 32 ಬೈಟ್ ರ್‍ಯಾಮ್. ಕೆರಾಡಿ ಎಂದು ಒಮ್ಮೆ ಬರೆದರೆ 14 ಬೈಟ್ ಮಿಗುತ್ತದೆ. ಪಕ್ಕದಲ್ಲಿ ಜಿಲ್ಲೆಯ ಹೆಸರು ಸೇರಿಸೋಣವೆಂದರೆ ಉಡುಪಿಗೆ 15 ಬೈಟ್ ಬೇಕು! ಒಂದು ಬೈಟ್ ಕಡಿಮೆ ಬಿದ್ದು ಜಿಲ್ಲೆಯೇ ಹೊರಗುಳಿಯಿತು.

ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ ಯಾನದ ಕಂಪ್ಯೂಟರು ಇವುಗಳ ಮುಂದೆ ಜಮೀನ್ದಾರ. ಸುಮಾರು 32 ಕಿಲೋ ತೂಕ, ಬರೆದು ಅಳಿಸಬಹುದಾದ 2,048 ಪದಗಳ ಮೆಮೊರಿ, ಅಂದರೆ 4 ಕೆಬಿ. ಕೆರಾಡಿ ಲೆಕ್ಕದಲ್ಲಿ 227. ಅಳಿಸಲಾಗದ, ತಂತಿಯಲ್ಲಿ ನೇಯ್ದ ಮೆಮೊರಿ 36,864 ಪದ, ಹತ್ತಿರಹತ್ತಿರ 72 ಕೆಬಿ. ನೀವು ಓದುತ್ತಿರುವ ಈ ಲೇಖನವನ್ನು ಅದರೊಳಗೆ ಸುರಿದರೆ ಅರ್ಧಕ್ಕಿಂತ ಹೆಚ್ಚು ತುಂಬಿಹೋಗುತ್ತದೆ. ಇಂದಿನ ಶಾಲಾ ಮಕ್ಕಳು ಆಟವಾಡುವ ಆರ್ಡುಯಿನೊ ಊನೊ ಹಲಗೆಯ 32 ಕೆಬಿ ಫ್ಲ್ಯಾಶಿನಲ್ಲಂತೂ ಈ ಲೇಖನ ಹಿಡಿಯುವುದೇ ಇಲ್ಲ. ಚಂದ್ರನಿಗೆ ಹೋಗಿಬರಲು ಸಾಕಾದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬ ಕನ್ನಡ ಲೇಖಕನ ಮಾತಿಗೇ ಬೇಕು.

ಹೀಗಿರುವಾಗ ಇವುಗಳ ಮೇಲೆ ಆಪರೇಟಿಂಗ್ ಸಿಸ್ಟಂ ಬೇರೆ ಕೂರಿಸುತ್ತಾರೆ. ವಿಂಡೋಸ್, ಆಂಡ್ರಾಯ್ಡ್ ನೋಡಿದ ಕಣ್ಣಿಗೆ ಇದು ಸೈಕಲ್ಲಿನ ಮೇಲೆ ಅಂಬಾರಿ ಹೊರಿಸಿದಂತೆ ಕಂಡೀತು. ಆದರೆ ರಿಚರ್ಡ್ ಬ್ಯಾರಿ 2003ರಲ್ಲಿ ಬರೆದ ಫ್ರೀಆರ್‌ಟಿಒಎಸ್‌ನ ತಿರುಳಿರುವುದು ಮೂರೇ ಕಡತಗಳಲ್ಲಿ. ಯಂತ್ರಭಾಷೆಗೆ ಇಳಿಸಿದಾಗ ಅದರ ಕರ್ನಲ್ 6ರಿಂದ 12 ಕೆಬಿ. ಕರ್ನಲ್ ಎಂದರೆ ಯಾವ ಕೆಲಸ ಯಾವಾಗ ನಡೆಯಬೇಕು ಎಂದು ಹೇಳುವ ಯಜಮಾನ. ಆ ಕೆಲಸಗಳಿಗೆ ಟಾಸ್ಕ್ ಎಂದು ಹೆಸರು. ಸರದಿ ಹಚ್ಚುವ ಭಾಗ ಸ್ಕೆಡ್ಯೂಲರ್. ಪ್ರತಿ ಟಾಸ್ಕಿಗೂ ತನ್ನ ಲೆಕ್ಕಪತ್ರ ಹರವಿಕೊಳ್ಳಲು ಸ್ಟ್ಯಾಕ್ ಎಂಬ ಜಾಗ ಕೊಡಬೇಕು. ಎವಿಆರ್ ಜಾತಿಯ ಚಿಪ್ಪಿನಲ್ಲಿ ಅದರ ಕನಿಷ್ಠ ಅಳತೆ 85 ಬೈಟ್. ನಾಲ್ಕು ಕೆರಾಡಿ, ಮೇಲೆ ಒಂದಿಷ್ಟು ಚಿಲ್ಲರೆ. ಅದರಾಚೆಗೆ ಕಾಲು ಚಾಚಿದರೆ ಪಕ್ಕದವನ ಜಾಗ ತುಳಿದಂತೆ, ಮುಂದಿನದು ದೇವರೇ ಗತಿ.

ಇನ್ನು ಲಿನಕ್ಸ್ ಕರ್ನಲ್. ಅದರ ಮೂಲ ಬರಹ 3 ಕೋಟಿ ಸಾಲು ದಾಟಿ ಎಷ್ಟೋ ಕಾಲವಾಯಿತು. ಸಾಲಿಗೆ ಒಂದೇ ಸೆಕೆಂಡಿನಂತೆ ಊಟ ನಿದ್ದೆ ಬಿಟ್ಟು ಓದಿದರೂ 347 ದಿನ. ಪುಟಕ್ಕೆ 40 ಸಾಲಿನಂತೆ ಎರಡೂ ಬದಿ ಅಚ್ಚು ಹಾಕಿಸಿದರೆ 750 ರೀಮ್ ಕಾಗದ. ಒಂದರ ಮೇಲೊಂದು ಪೇರಿಸಿದರೆ 37.5 ಮೀಟರ್. ಬೈಂದೂರು ದಾಟಿ ಉತ್ತರಕ್ಕೆ ಹೋದರೆ ಸಿಗುವ ಮುರ್ಡೇಶ್ವರದ ಶಿವನ ಎತ್ತರ 123 ಅಡಿ, ಅದೂ 37.5 ಮೀಟರೇ! ಪಕ್ಕದಲ್ಲೇ ಇನ್ನೊಂದು ಕಟ್ಟು ಇಡಿ: ಸೆಲ್4 ಎಂಬ ಕರ್ನಲ್. ಇದರ ಸಿ ಭಾಷೆಯ ಬರಹ ಬರೀ 8,700 ಸಾಲು, ಒಂದು ಸೆಂಟಿಮೀಟರ್ ಚಿಲ್ಲರೆ ದಪ್ಪ. ಅದರಲ್ಲಿ ತಪ್ಪಿಲ್ಲ ಎಂದು ಗಣಿತದಲ್ಲಿ ಸಾಧಿಸಿ 2009ರಲ್ಲಿ ತೋರಿಸಿದಾಗ ಆ ಸಾಧನೆಯ ಬರಹವೇ 2 ಲಕ್ಷ ಸಾಲು ದಾಟಿತ್ತು. ಬೆರಳಿನ ಅಗಲದ ಪುಸ್ತಕಕ್ಕೆ ಒಂದು ಗೇಣು ಮೀರಿದ ಸಾಕ್ಷಿ. ಕೋರ್ಟಿನ ಕಡತಗಳೂ ನಾಚಬೇಕು.

ಜಾಗದ ಮಾತು ಇಷ್ಟು ಸಾಕು, ವೇಗಕ್ಕೆ ಬರೋಣ. ಇಂಥ ವ್ಯವಸ್ಥೆಗಳ ಎದೆಬಡಿತಕ್ಕೆ ಟಿಕ್ ಎನ್ನುತ್ತಾರೆ. ಸೆಕೆಂಡಿಗೆ ಸಾವಿರ ಟಿಕ್ ಸಾಮಾನ್ಯ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತಲ್ಲ, ಆ ಓಟದಲ್ಲಿ ಒಂದು ಟಿಕ್ಕಿಗೆ ಕೋಣಗಳು ಮುಂದೆ ಸರಿದದ್ದು ಒಂದೇ ಸೆಂಟಿಮೀಟರ್. ಕೆಸರು ಇನ್ನೂ ಗೊರಸಿನಿಂದ ಬಿಡಿಸಿಕೊಂಡಿಲ್ಲ, ಇಲ್ಲಿ ಒಂದು ಟಿಕ್ ಮುಗಿಯಿತು.

ಒಂದು ಟಾಸ್ಕನ್ನು ನಿಲ್ಲಿಸಿ, ಅದರ ಸರಂಜಾಮು ಎತ್ತಿಟ್ಟು, ಇನ್ನೊಂದನ್ನು ಮುಂದುವರಿಸುವುದಕ್ಕೆ ಕಾಂಟೆಕ್ಸ್ಟ್ ಸ್ವಿಚ್ ಎಂದು ಹೆಸರು. ಕಾರ್ಟೆಕ್ಸ್-ಎಂ3 ಚಿಪ್ಪಿನಲ್ಲಿ ಫ್ರೀಆರ್‌ಟಿಒಎಸ್ ಇದನ್ನು 84 ಗಡಿಯಾರ ಬಡಿತಗಳಲ್ಲಿ ಮುಗಿಸುತ್ತದೆ. ಚಿಪ್ 100 ಮೆಗಾಹರ್ಟ್ಸ್‌ನದಾದರೆ ಅದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗವೂ ಆಗುವುದಿಲ್ಲ. ಅಷ್ಟರಲ್ಲಿ ಐಕಳದ ಕೋಣ ಚಲಿಸುವ ದೂರ ಕೂದಲೆಳೆಯ ದಪ್ಪದ ಎಂಟನೇ ಒಂದು ಪಾಲು. ಇಡೀ ಓಟ ಮುಗಿಯುವಷ್ಟರಲ್ಲಿ ಈ ಕರ್ನಲ್ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ 1 ಕೋಟಿ 62 ಲಕ್ಷ ಸಲ ಹಾರಬಲ್ಲದು. ಹೊರಗಿನಿಂದ ಬರುವ ತುರ್ತು ಕರೆಗೆ, ಅಂದರೆ ಇಂಟರಪ್ಟಿಗೆ, ಇದೇ ಚಿಪ್ ಓಗೊಡಲು ಹಿಡಿಯುವುದು 12 ಬಡಿತ. ಅಷ್ಟು ಹೊತ್ತಿನಲ್ಲಿ ಬೆಳಕೇ 36 ಮೀಟರಿಗಿಂತ ಮುಂದೆ ಹೋಗಲಾರದು.

ಬೆಳಕಿನ ವಿಷಯ ಬಂತು. ಕುಂದಾಪುರದಲ್ಲಿ ಒಂದು ಟಿಕ್ ಆರಂಭವಾದಾಗ ಹೊರಟ ಬೆಳಕು ಘಟ್ಟ ಹತ್ತುವ ಗೋಜಿಲ್ಲದೆ ನೇರ ಗೆರೆಯಲ್ಲಿ ಹೋದರೆ, ಆ ಟಿಕ್ ಮುಗಿಯುವಾಗ ನೆಲಮಂಗಲದಲ್ಲಿರುತ್ತದೆ. 300 ಕಿಲೋಮೀಟರ್. ಬೆಂಗಳೂರಿಗೆ ಅಲ್ಲಿಂದ ಎಷ್ಟು ಹೊತ್ತು ಎಂದು ಕೇಳಬೇಡಿ, ಬೆಳಕಿಗೆ ಟ್ರಾಫಿಕ್ ಇಲ್ಲ.

ಇಷ್ಟು ಚುರುಕಿನ ಚಿಪ್ಪುಗಳು ದಿನವಿಡೀ ಏನು ಮಾಡುತ್ತವೆ? ಇದೇ ನನಗೆ ಎಲ್ಲಕ್ಕಿಂತ ಮಜಾ ಕೊಡುವ ಲೆಕ್ಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ 6,500ರಷ್ಟು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಬಿಸಿಲಿನ ವಿದ್ಯುತ್ತಿನಲ್ಲಿ ಬದುಕುವ ಇವು 15 ನಿಮಿಷಕ್ಕೊಮ್ಮೆ ಯಲಹಂಕದಲ್ಲಿರುವ ಆ ಕೇಂದ್ರಕ್ಕೆ ವರದಿ ಕಳಿಸುತ್ತವೆ. ಒಂದು ಮಾಪಕಕ್ಕೆ ದಿನಕ್ಕೆ 96 ವರದಿ. ಎಲ್ಲ ಸೇರಿ 6 ಲಕ್ಷ 24 ಸಾವಿರ. ವರ್ಷಕ್ಕೆ 22 ಕೋಟಿ ಮೀರುತ್ತದೆ. ಮಳೆ ಬಂದಿಲ್ಲ ಎಂಬುದೂ ವರದಿಯೇ.

ಇಂಥ ಮಾಪಕಗಳ ಹೊಟ್ಟೆಯಲ್ಲಿ ಏತದಂತೆ ತೂಗುವ ಜೋಡಿ ಬಟ್ಟಲು ಇರುತ್ತದೆ. ಒಂದು ತುಂಬಿದೊಡನೆ ಟಕ್ಕನೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ಕೊಳವೆಯ ಕೆಳಗೆ ಬಾಯೊಡ್ಡುತ್ತದೆ. ಮಗುಚುವಾಗ ಅದಕ್ಕೆ ಅಂಟಿದ ಅಯಸ್ಕಾಂತದ ಚೂರು ಗಾಜಿನ ಕೊಳವೆಯಲ್ಲಿರುವ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಆ ಒಂದು ಮಿಡಿತವೇ ಇಂಟರಪ್ಟ್.

ಅರ್ಧ ಮಿಲಿಮೀಟರ್ ಮಳೆಗೆ ಒಮ್ಮೆ ಮಗುಚುವ ಬಟ್ಟಲನ್ನೇ ಹಿಡಿಯಿರಿ. ನಮ್ಮ ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಹರಿಯದೆ ಇಂಗದೆ ನಿಂತರೆ 13 ಅಡಿ ನೀರು, ಆನೆ ನಿಂತಲ್ಲೇ ಮುಳುಗುವಷ್ಟು. ಒಂದೇ ಎಕರೆ ಅಡಿಕೆ ತೋಟದ ಮೇಲೆ ಸುರಿಯುವ ನೀರಿನ ತೂಕ 16,000 ಟನ್, ನಾಲ್ಕು ಟನ್ನಿನ 4,000 ಆನೆಗಳು. ಮಳೆಮಾಪಕದ ಚಿಪ್ಪಿಗೆ ಇದೆಲ್ಲ ಬರೀ 8,000 ಮಿಡಿತ. ಒಂದೊಂದನ್ನು ಎಣಿಸಿ ಬರೆದಿಡಲು ಧಾರಾಳವಾಗಿ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಕೊಟ್ಟರೂ ಇಡೀ ವರ್ಷದ ಎಣಿಕೆಯ ಕೆಲಸ ಮುಕ್ಕಾಲು ಸೆಕೆಂಡಿನ ಮೇಲೆ ತುಸು! ಜೂನಿನ ಮೊದಲ ಹನಿಯಿಂದ ಹಿಂಗಾರಿನ ಕೊನೆಯ ಗುಡುಗಿನವರೆಗೆ, 4,000 ಆನೆ ತೂಕದ ಮಳೆಗೆ ಒಂದು ಸೆಕೆಂಡಿನ ದುಡಿಮೆಯೂ ಇಲ್ಲ. ವರ್ಷದ ಉಳಿದ 3 ಕೋಟಿ 15 ಲಕ್ಷ 35 ಸಾವಿರದ 999 ಸೆಕೆಂಡುಗಳಲ್ಲಿ, ವರದಿ ಕಳಿಸುವ ಹೊತ್ತು ಬಿಟ್ಟರೆ, ನಿದ್ದೆ ಹೊಡೆಯಬಹುದು.

ಹೊಡೆಯುತ್ತದೆ ಕೂಡ. ಯಂತ್ರಗಳ ಹೊಟ್ಟೆಯಲ್ಲಿ ಅಡಗಿ ಕೂತ ಇಂಥ ಚಿಪ್ಪುಗಳ, ಅಂದರೆ ಎಂಬೆಡೆಡ್, ಪ್ರಪಂಚದಲ್ಲಿ ನಿದ್ದೆಯೇ ದೊಡ್ಡ ವಿದ್ಯೆ. 1985ರಲ್ಲಿ ಬೆಂಗಳೂರಿಗೆ ಬಂದು ನೆಲೆಯೂರಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಂಎಸ್‌ಪಿ430 ಎಂಬ ಚಿಪ್ ಗಾಢ ನಿದ್ದೆಯಲ್ಲಿ ಒಂದು ಮೈಕ್ರೋ ಆಂಪಿಯರ್ ಆಸುಪಾಸಿನ ವಿದ್ಯುತ್ತಿನಲ್ಲಿ ಬದುಕುತ್ತದೆ. ನಾಣ್ಯದಂಥ ಸಿಆರ್2032 ಸೆಲ್ಲಿನ ಶಕ್ತಿಯನ್ನು ಆ ಲೆಕ್ಕದಲ್ಲಿ ಭಾಗಿಸಿದರೆ 25 ವರ್ಷ. ಚಿಪ್ ಎಚ್ಚರಗೊಳ್ಳುವ ಮುನ್ನ ಸೆಲ್ಲೇ ಮುದಿಯಾಗಿ ಸಾಯುತ್ತದೆ. ಇತ್ತ ಜಗಲಿಯ ಗೋಡೆಯ ಮೇಲಿರುವ ಮೆಸ್ಕಾಂ ಮೀಟರಿಗೆ ಆ ಭಾಗ್ಯವಿಲ್ಲ. ಅದರಲ್ಲಿ ಮಿಣಕ್ ಮಿಣಕ್ ಎನ್ನುವ ಕೆಂಪು ದೀಪದ ಪಕ್ಕ ಯೂನಿಟ್ಟಿಗೆ 3,200 ಎಂದು ಬರೆದಿದ್ದರೆ, ತಿಂಗಳಿಗೆ 100 ಯೂನಿಟ್ ಉರಿಸುವ ಮನೆಯಲ್ಲಿ ಅದು 3 ಲಕ್ಷ 20 ಸಾವಿರ ಸಲ ಕಣ್ಣು ಮಿಟುಕಿಸಿರುತ್ತದೆ. ವರ್ಷಕ್ಕೆ 38 ಲಕ್ಷ ದಾಟಿತು. ಬಿಲ್ಲು ನೋಡಿ ಕಣ್ಣು ಮಿಟುಕಿಸುವುದು ನಮ್ಮ ಸರದಿ.

ಟಿಕ್ಕುಗಳನ್ನು ಎಣಿಸಿಡಬೇಕಲ್ಲ, ಎಲ್ಲಿ? 16 ಬಿಟ್ಟಿನ ಡಬ್ಬಿಯಲ್ಲಿ ಎಣಿಸಿದರೆ 65,535ಕ್ಕೆ ಡಬ್ಬಿ ತುಂಬಿ ಮತ್ತೆ ಸೊನ್ನೆ. ಮಿಲಿಸೆಕೆಂಡಿನ ಲೆಕ್ಕದಲ್ಲಿ 65 ಸೆಕೆಂಡು, ಒಂದು ಲೋಟ ಕಷಾಯ ಮುಗಿಯುವುದರೊಳಗೆ. ಡಬ್ಬಿಯನ್ನು 32 ಬಿಟ್ಟಿಗೆ ಹಿಗ್ಗಿಸಿದರೆ 49 ದಿನ 17 ಗಂಟೆ ಬರುತ್ತದೆ. ಜೂನ್ 1ರ ನಡುರಾತ್ರಿ ಮಳೆಗಾಲದ ಜೊತೆ ಚಾಲೂ ಮಾಡಿದ ಯಂತ್ರದ ಎಣಿಕೆ ಜುಲೈ 20ರ ಸಂಜೆ 5 ಗಂಟೆ 2 ನಿಮಿಷಕ್ಕೆ, ಆಸಾಡಿ ಮಳೆ ಜಡಿಯುತ್ತಿರುವಾಗ, ಸೊನ್ನೆಗೆ ಮಗುಚುತ್ತದೆ. ಇದನ್ನು ಮರೆತು ಪ್ರೋಗ್ರಾಂ ಬರೆದವರ ಪಾಡು ಹೇಳತೀರದು. ಬೋಯಿಂಗ್ 787 ವಿಮಾನದ ಜನರೇಟರುಗಳನ್ನು ನೋಡಿಕೊಳ್ಳುವ ಘಟಕಗಳು 248 ದಿನ ಬಿಡದೆ ಚಾಲೂ ಇದ್ದರೆ ಎಲ್ಲವೂ ಒಟ್ಟಿಗೆ ಕೈಕೊಡಬಹುದು ಎಂದು 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಚ್ಚರಿಸಿತ್ತು. ಮದ್ದು? ನಡುವೆ ಒಮ್ಮೆ ಆಫ್ ಮಾಡಿ ಆನ್ ಮಾಡಿ! ಮನೆಯ ಸೆಟ್‌ಟಾಪ್ ಬಾಕ್ಸಿಗೆ ಮಾಡುವ ಚಿಕಿತ್ಸೆಯನ್ನೇ ನೂರಾರು ಟನ್ ತೂಗುವ ವಿಮಾನಕ್ಕೂ ಮಾಡಿದರು. ಇನ್ನೊಂದು ಡಬ್ಬಿ ತುಂಬುವ ದಿನವಂತೂ ಪಂಚಾಂಗದಲ್ಲಿ ಬರೆದಿಟ್ಟಷ್ಟು ಖಚಿತ: 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. 1970ರಿಂದ ಸೆಕೆಂಡುಗಳನ್ನು 32 ಬಿಟ್ಟಿನಲ್ಲಿ ಎಣಿಸುತ್ತ ಬಂದ ಹಳೆಯ ಯಂತ್ರಗಳೆಲ್ಲ ಮರುಸೆಕೆಂಡಿನಲ್ಲಿ 1901ನೇ ಇಸವಿಗೆ ಜಿಗಿಯುತ್ತವೆ.

ಡಬ್ಬಿಯನ್ನು 64 ಬಿಟ್ ಮಾಡಿಬಿಟ್ಟರೆ? ಮಿಲಿಸೆಕೆಂಡಿನಂತೆ ಎಣಿಸಿದರೂ ತುಂಬಲು 58 ಕೋಟಿ ವರ್ಷ. ಡೈನೋಸಾರುಗಳು ಅಳಿದು 6 ಕೋಟಿ 60 ಲಕ್ಷ ವರ್ಷವಷ್ಟೇ ಆಯಿತು. 58 ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿ ಬಂಗುಡೆ ಹಾಗಿರಲಿ, ಮೀನು ಎಂಬ ಜಾತಿಯೇ ಇರಲಿಲ್ಲ. ಇದಕ್ಕೆ ತಗಲುವ ಹೆಚ್ಚಿನ ಖರ್ಚು 4 ಬೈಟ್. ಒಂದು ಕನ್ನಡ ಅಕ್ಷರಕ್ಕಿಂತ ಚೂರು ಜಾಸ್ತಿ ಜಾಗ ಕೊಟ್ಟು 58 ಕೋಟಿ ವರ್ಷ ಕೊಂಡುಕೊಂಡಂತಾಯಿತು. ಇಷ್ಟು ಅಗ್ಗದ ವ್ಯಾಪಾರ ಯಾವ ಸಂತೆಯಲ್ಲೂ ಇಲ್ಲ.

ಈಗ ತಲೆ ಎಣಿಕೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರದೊಳಗೂ ಮೈಕ್ರೋಕಂಟ್ರೋಲರೇ ಕೂತಿದೆ. ಅದರ ಪ್ರೋಗ್ರಾಮನ್ನು ಒಮ್ಮೆ ಮಾತ್ರ ಬರೆಯಬಹುದು. 2024ರ ಲೋಕಸಭೆ ಚುನಾವಣೆಗೆ ಇಂಥ 55 ಲಕ್ಷ ಯಂತ್ರ, 10 ಲಕ್ಷಕ್ಕೂ ಹೆಚ್ಚು ಮತಗಟ್ಟೆ, 64 ಕೋಟಿ ಮತ. ಸೆಕೆಂಡಿಗೊಂದರಂತೆ ಒಂದೇ ಗುಂಡಿ ಒತ್ತಿದ್ದರೆ ಮತದಾನ 20 ವರ್ಷ ನಡೆಯುತ್ತಿತ್ತು, ನಾಲ್ಕು ಸರ್ಕಾರಗಳ ಅವಧಿ. ಕಾರುಗಳಿಗೆ ಬಂದರೆ, ಕ್ಯೂಎನ್‌ಎಕ್ಸ್ ಎಂಬ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಂ 2023ರ ಹೊತ್ತಿಗೆ 23.5 ಕೋಟಿ ವಾಹನಗಳಲ್ಲಿತ್ತು. ಇಡೀ ಜಗತ್ತಿನ ಲೆಕ್ಕ ಹಿಡಿದರೆ, ಆರ್ಮ್ ಕಂಪನಿಯ ವಿನ್ಯಾಸ ಹೊತ್ತ ಚಿಪ್ಪುಗಳೇ ಇಲ್ಲಿಯವರೆಗೆ 25,000 ಕೋಟಿ ಮೀರಿವೆ. ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ, ತೊಟ್ಟಿಲ ಕೂಸಿಗೂ ಸೇರಿಸಿ, 30 ಚಿಪ್ ಹಂಚಬಹುದು. ಒಂದೊಂದು 5 ಮಿಲಿಮೀಟರ್ ಅಗಲವೆಂದು ಹಿಡಿದು ಸಾಲಾಗಿ ಜೋಡಿಸಿದರೆ 12 ಲಕ್ಷ 50 ಸಾವಿರ ಕಿಲೋಮೀಟರ್: ಚಂದ್ರನಿಗೆ ಹೋಗಿ, ಬಂದು, ಮತ್ತೊಮ್ಮೆ ಹೋದರೂ ಮುಗಿಯದ ಸರ.

ಚಂದ್ರನಲ್ಲಿಗೆ ನಿಜವಾಗಿಯೂ ಹೋದವರ ಕಥೆಗೆ ಉಡುಪಿಯ ನಂಟಿದೆ. ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಮೇಲೇರಿತು. 1992ರಲ್ಲಿ ಉರಿದು ಮುಗಿಯುವ ಮೊದಲು ಅದು ಭೂಮಿಗೆ ಹಾಕಿದ ಪ್ರದಕ್ಷಿಣೆ 90 ಸಾವಿರಕ್ಕೂ ಹೆಚ್ಚು. ಅದೇ ಪೀಣ್ಯದಿಂದ 48 ವರ್ಷಗಳ ಬಳಿಕ, 2023ರ ಆಗಸ್ಟ್ 23ರ ಸಂಜೆ, ಚಂದ್ರಯಾನ-3ರ ಇಳಿತವನ್ನು ವಿಜ್ಞಾನಿಗಳು ನೋಡಿಕೊಂಡರು. ‘ನೋಡಿಕೊಂಡರು’ ಅಂದರೆ ಕಣ್ಣಿನಿಂದ ಮಾತ್ರ. ಅದರ ಲ್ಯಾಂಡರ್ ವಿಕ್ರಂ ಇಳಿಯತೊಡಗಿದಾಗ ಅದರ ವೇಗ ಸೆಕೆಂಡಿಗೆ 1.68 ಕಿಲೋಮೀಟರ್, ಐಕಳದ ಕೋಣಗಳ 160 ಪಟ್ಟು. ಉಡುಪಿಯಿಂದ ಕುಂದಾಪುರಕ್ಕೆ ಅರ್ಧ ನಿಮಿಷವೂ ಬೇಡ. ಒಂದು ಟಿಕ್ಕಿಗೆ 1.68 ಮೀಟರ್, ಒಂದು ಆಳುದ್ದ. ಚಂದ್ರನಿಂದ ಸಂದೇಶ ಬರಲು 1.3 ಸೆಕೆಂಡು, ಉತ್ತರ ಹೋಗಲು ಇನ್ನೊಂದು 1.3. ‘ಮುಂದೆ ಹೊಂಡ ಇದೆ, ಏನು ಮಾಡಲಿ’ ಎಂದು ಪೀಣ್ಯವನ್ನು ಕೇಳಿ ಕಾದಿದ್ದರೆ ಉತ್ತರ ಸಿಗುವ ಹೊತ್ತಿಗೆ ನಾಲ್ಕು ಕಿಲೋಮೀಟರ್ ಮುಂದೆ ಹೋಗಿಯಾಗಿರುತ್ತಿತ್ತು. ಹಾಗಾಗಿ ಆ 19 ನಿಮಿಷ, ಅಂದರೆ 11 ಲಕ್ಷ 40 ಸಾವಿರ ಮಿಲಿಸೆಕೆಂಡು, ಒಳಗಿನ ಸಾಫ್ಟ್‌ವೇರೇ ಒಡೆಯ. ಒಂದೇ ಯೂಟ್ಯೂಬ್ ವಾಹಿನಿಯಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ಏಕಕಾಲಕ್ಕೆ ಉಸಿರು ಬಿಗಿಹಿಡಿದು ಕೂತಿದ್ದರು. ಸ್ಟಿಯರಿಂಗ್ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

ಚಂದ್ರ ಪಕ್ಕದ ಮನೆ. 1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾಥ್‌ಫೈಂಡರ್ ನೌಕೆ ಕೆಲವೇ ದಿನಗಳಲ್ಲಿ ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗತೊಡಗಿತು. ಅಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಹವಾಮಾನ ನೋಡುವ ಕೆಳದರ್ಜೆಯ ಟಾಸ್ಕ್ ಒಂದು ಕೀಲಿಕೈ ಹಿಡಿದು ಕೂತಿತ್ತು. ಮಧ್ಯಮ ದರ್ಜೆಯದು ಅದನ್ನು ಏಳಗೊಡಲಿಲ್ಲ. ಆ ಕೀಲಿಗಾಗಿ ಮೇಲ್ದರ್ಜೆಯದು ಬಾಗಿಲಲ್ಲಿ ಕಾಯುತ್ತ ನಿಂತಿತ್ತು. ಈ ಸರ್ಕಾರಿ ಕಚೇರಿಯಂಥ ಸ್ಥಿತಿಗೆ ಪ್ರಯಾರಿಟಿ ಇನ್ವರ್ಷನ್ ಎನ್ನುತ್ತಾರೆ. ಕೆಲಸ ಹೊತ್ತಿಗೆ ಮುಗಿಯದಾಗ ವ್ಯವಸ್ಥೆಯನ್ನೇ ಮತ್ತೆ ಮೊದಲಿಂದ ಎಬ್ಬಿಸುವ ಕಾವಲುಗಾರ, ಅಂದರೆ ವಾಚ್‌ಡಾಗ್, ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. 19 ಕೋಟಿ ಕಿಲೋಮೀಟರ್ ಆಚೆ, ಭೂಮಿಗೆ 4,700 ಸುತ್ತು ಹಾಕಿದಷ್ಟು ದೂರದಲ್ಲಿ! ಎಂಜಿನಿಯರುಗಳು ಇಲ್ಲಿಂದಲೇ ಒಂದು ಸೆಟ್ಟಿಂಗ್ ಬದಲಿಸಿದರು. ‘ಇಲ್ಲ’ ಇದ್ದದ್ದನ್ನು ‘ಹೌದು’ ಮಾಡಿದರು, ಅಷ್ಟೇ. ರೋಗ ಹೋಯಿತು.

19 ಕೋಟಿಯೂ ಏನೇನೂ ಅಲ್ಲ ಅನ್ನಿಸಲು ವಾಯೇಜರ್-1 ನೌಕೆ ಬೇಕು. 1977ರ ಸೆಪ್ಟೆಂಬರ್ 5ರಂದು ಹೊರಟದ್ದು, ಎಲ್ಲ ಕಂಪ್ಯೂಟರುಗಳ ಮೆಮೊರಿ ಒಟ್ಟು ಸೇರಿಸಿದರೂ 70 ಕೆಬಿಯ ಒಳಗೆ. ಒಂದು ಟಿಕ್ಕಿಗೆ 17 ಮೀಟರ್ ಓಡುತ್ತದೆ. 2023ರ ಕೊನೆಗೆ ಅದರ ಮೆಮೊರಿಯ ಒಂದು ಚಿಪ್ ಕೆಟ್ಟು ಅರ್ಥವಿಲ್ಲದ ಬಡಬಡಿಕೆ ಬರತೊಡಗಿತು. ವರದಿ ಒಟ್ಟುಗೂಡಿಸುವ ಕಂಪ್ಯೂಟರಿನ ಮೆಮೊರಿಯಲ್ಲಿ 3 ಶೇಕಡದಷ್ಟು ಹಾಳಾಗಿತ್ತು. ಅಲ್ಲಿದ್ದ ಪ್ರೋಗ್ರಾಮನ್ನು ತುಂಡು ಮಾಡಿ, ಉಳಿದ ಜಾಗದಲ್ಲಿ ಸಂದು ಹುಡುಕಿ ತುರುಕಬೇಕು, ಅದೂ 2,400 ಕೋಟಿ ಕಿಲೋಮೀಟರ್ ದೂರದಿಂದ. ಭೂಮಿಗೆ 6 ಲಕ್ಷ ಸುತ್ತು. 2024ರ ಏಪ್ರಿಲ್ 18ರಂದು ಹೊರಟ ಆಜ್ಞೆ ಬೆಳಕಿನ ವೇಗದಲ್ಲಿ ಓಡಿ ತಲುಪಲು ಇಪ್ಪತ್ತೆರಡೂವರೆ ಗಂಟೆ ಹಿಡಿಯಿತು, ಉತ್ತರಕ್ಕೆ ಮತ್ತೆ ಅಷ್ಟೇ. 20ರಂದು ಉತ್ತರ ಬಂತು: ನೌಕೆ ಸರಿಯಾಗಿ ಮಾತಾಡುತ್ತಿದೆ. 47ನೇ ವರ್ಷದಲ್ಲಿ ನಡೆದ ಈ ಫರ್ಮ್‌ವೇರ್ ರಿಪೇರಿಯಲ್ಲಿ ಒಂದೇ ಒಂದು ಸ್ಕ್ರೂ ತೆಗೆದದ್ದಿಲ್ಲ.

ಮಾಮೂಲಿ ದಿನಗಳಲ್ಲಿ ಅದು ಸೆಕೆಂಡಿಗೆ 160 ಬಿಟ್ ಕಳಿಸುತ್ತದೆ, ಈ ಲೇಖನವನ್ನು ಓದಿ ಹೇಳೆಂದರೆ ಅರ್ಧ ಗಂಟೆಯ ಮೇಲಾದೀತು. 2026ರ ನವೆಂಬರಿನಲ್ಲಿ ಅದು ದಾಟುವ ಗೆರೆ 2,590 ಕೋಟಿ ಕಿಲೋಮೀಟರಿನದು, ಬೆಳಕಿಗೇ ಸರಿಯಾಗಿ ಒಂದು ಹಗಲು ಒಂದು ರಾತ್ರಿ ಹಿಡಿಯುವ ದೂರ. ‘ಆಫ್ ಮಾಡಿ ಆನ್ ಮಾಡು’ ಎಂದು ಹೇಳಿದರೆ ಮಾಡಿತೋ ಇಲ್ಲವೋ ಎಂದು ತಿಳಿಯಲು ಎರಡು ದಿನ ಕಾಯಬೇಕು, ಆ ಎರಡು ದಿನದಲ್ಲಿ ಅದು ಇನ್ನೂ 29 ಲಕ್ಷ ಕಿಲೋಮೀಟರ್ ಆಚೆ ಹೋಗಿರುತ್ತದೆ.